ಎರಡು ಒಲೆ, ಒಂದು ಗಾಡಿ ಸೌದೆ

ದುರ್ಗದ ಕಡೆ ಚಳಿ ಎಂದರೆ ಜನ ನಗುತ್ತಾರೆ. ಬಿಸಿಲು, ಬಂಡೆ, ಜಾಲಿಮುಳ್ಳು, ನಮ್ಮ ಜಿಲ್ಲೆಗೆ ಇರುವ ಹೆಸರೇ ಅಷ್ಟು. ನಗುವವರು ಒಮ್ಮೆ ಪುಷ್ಯ ಮಾಸದಲ್ಲಿ ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕಾದು ನಿಂತು ನೋಡಲಿ, ಆಮೇಲೆ ಮಾತಾಡೋಣ. ನಾನು ಹೊಳಲ್ಕೆರೆಯವಳು, ಚಳಿ ಕಾಣದವಳೇನಲ್ಲ. ಆದರೂ ಗ್ರಾಮಸೇವಿಕೆಯಾಗಿ ಆ ಹೋಬಳಿಗೆ ಹೋದ ಮೊದಲ ಚಳಿಗಾಲದಲ್ಲಿ ನನ್ನ ಹಲ್ಲು ಕಟಕಟ ಅನ್ನುವುದನ್ನು ಕೇಳಿ ಕಂಡಕ್ಟರ್, "ಮೇಡಂ, ಬಸ್ಸಿನ ಕಿಟಕಿ ಅಲ್ಲಾಡ್ತೈತೆ ಅನ್ಕಂಡಿದ್ದೆ, ನೀವಾ?" ಎಂದಿದ್ದ. ಅವನಿಗೆ ಏನು ಉತ್ತರ ಕೊಟ್ಟೆ ಎಂದು ಇಲ್ಲಿ ಬರೆಯುವುದಿಲ್ಲ.

ನನ್ನ ಬಾಯಿ ಆಗಲೂ ಹೀಗೇ ಇತ್ತು. ಊರಿನವರು ನನ್ನನ್ನು 'ಸೇವಕಮ್ಮ' ಎಂದು ಕರೆಯುತ್ತಿದ್ದರು. ಎದುರಿಗೆ ಬಹಳ ಮರ್ಯಾದೆ. ಬೆನ್ನ ಹಿಂದೆ 'ಮೆಣಸಿನಕಾಯಿ' ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಎಪ್ಪತ್ತರ ದಶಕದಲ್ಲಿ ಒಬ್ಬಂಟಿ ಹೆಂಗಸು ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಬೇಕಾದರೆ ಸ್ವಲ್ಪ ಖಾರ ಇರಲೇಬೇಕಿತ್ತು. ಕೂಸಿಗೆ ಚುಚ್ಚುಮದ್ದು ಹಾಕಿಸ್ರವ್ವ, ಹೊಗೆಯಿಲ್ಲದ ಒಲೆ ಕಟ್ಟಿಸಿಕೊಳ್ಳಿ, ಹಿತ್ತಲಲ್ಲಿ ನುಗ್ಗೆ ನೆಡಿ ಎಂದು ದಿನವಿಡೀ ಕಿರುಚಿಕೊಳ್ಳುವುದೇ ನನ್ನ ನೌಕರಿ. ಅವರು ತಲೆಯಾಡಿಸುತ್ತಿದ್ದರು, ಕುಡಿಯಲು ಮಜ್ಜಿಗೆ ಕೊಡುತ್ತಿದ್ದರು, ಮಾಡುವುದನ್ನು ತಮಗೆ ತೋಚಿದಂತೆ ಮಾಡುತ್ತಿದ್ದರು.

ಆ ವರ್ಷ ಸರ್ಕಾರಕ್ಕೆ ಬಡವರ ಚಳಿ ನೆನಪಾಯಿತು. ವೃದ್ಧಾಪ್ಯ ವೇತನ ಪಡೆಯುವ ಮುದುಕ ಮುದುಕಿಯರಿಗೆ ಚಳಿಗಾಲಕ್ಕೆಂದು ಸರ್ಕಾರಿ ಡಿಪೋದಿಂದ ತಲಾ ಒಂದು ಗಾಡಿ ಸೌದೆ ಪುಕ್ಕಟೆ ಕೊಡಬೇಕೆಂದು ತಾಲ್ಲೂಕಿನಿಂದ ಆದೇಶ ಬಂತು. ಒಳ್ಳೆಯ ಆದೇಶವೇ. ಆದರೆ ಸರ್ಕಾರ ಏನನ್ನೂ ಬಾಲವಿಲ್ಲದೆ ಕೊಡುವುದಿಲ್ಲವಲ್ಲ! ಸ್ವಂತ ಒಲೆ ಇರುವವರಿಗೆ ಮಾತ್ರ ಸೌದೆ, ಇನ್ನೊಬ್ಬರ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರಿಗೆ ಇಲ್ಲ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು. ಯಾರ ಒಲೆ ಯಾರದು ಎಂದು ಮನೆಮನೆಗೆ ಹೋಗಿ ನೋಡುವುದು ನನ್ನ ಪಾಲಿಗೆ ಬಂತು. ನಾನು ನೋಡಿದ ಮೇಲೆ ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕದಾರರು ಬಂದು ಇನ್ನೊಮ್ಮೆ ನೋಡಿ ಒಪ್ಪಬೇಕು.

ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಮಾರನೆಯ ದಿನವೇ ನನ್ನ ಬಾಡಿಗೆ ಕೋಣೆಯ ಜಗುಲಿಗೆ ಒಬ್ಬ ಅಜ್ಜಿ ಬಂದು ಕೂತಳು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ಕದಿರು. ಕುರಿ ಸಾಕುವ ಮನೆತನದ ವಿಧವೆ, ಪಿಂಚಣಿಯವಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಮೈದುನ, ಅವನ ಹೆಂಡತಿ ಇಬ್ಬರೂ ಸತ್ತ ಮೇಲೆ ಅವರ ಮಗನನ್ನು ಸಾಕಿ, ಮದುವೆ ಮಾಡಿ, ಅವನ ಹೆಂಡತಿಯನ್ನು ಸೊಸೆ ಎಂದು ಮನೆ ತುಂಬಿಸಿಕೊಂಡಿದ್ದಳು. ಮಾತಾಡುವಾಗಲೂ ಅವಳ ಕೈಯ ಕದಿರು ನಿಲ್ಲುತ್ತಿರಲಿಲ್ಲ.

"ಸೇವಕಮ್ಮಾ, ಸರ್ಕಾರದೋರು ಸೌದೆ ಕೊಡ್ತಾರಂತಲ್ಲ. ನಂಗೂ ಒಂದು ಗಾಡಿ ಬರ್ಕಳ್ರಿ."

"ಅಜ್ಜಿ, ನಿಮ್ಮ ಮನೇಲಿ ಅಡಿಗೆ ಯಾರು ಮಾಡ್ತಾರೆ?"

"ನನ್ನ ಸೊಸೆ. ಬಂಗಾರದಂಥ ಹುಡುಗಿ ಕಣಮ್ಮ. ಬಿಸಿ ಮುದ್ದೆ ಮುಂದೆ ತಂದಿಕ್ಕಿ, ಉಂಡ್ರೇನೇ ಎದ್ದು ಹೋಗಾದು."

"ಹಾಗಾದ್ರೆ ನಿಮಗೆ ಬರಲ್ಲ ಅಜ್ಜಿ. ಸೊಸೆ ಒಲೇಲಿ ಉಣ್ಣೋರಿಗೆ ಇಲ್ಲ."

ಅಜ್ಜಿ ಕದಿರು ನಿಲ್ಲಿಸಿದಳು. "ಅಲ್ಲ, ಬೈಕೋತ ಇಕ್ಕಿದ್ರೆ ಬರ್ತಿತ್ತಾ?"

ನಗು ಬಂತು, ತಡೆದುಕೊಂಡೆ. ಆದೇಶ ನಾನು ಬರೆದದ್ದಲ್ಲ ಎಂದೆ. ಅಷ್ಟಕ್ಕೂ ನಿಮಗೆ ಅಷ್ಟು ಚಳಿಯೇ ಎಂದು ಕೇಳಿದೆ. "ನಂಗೆಂಥ ಚಳಿಯಮ್ಮ! ನಾನೇ ನೂತ ಕಂಬಳಿ ಐತೆ, ಮಂಜು ಬಿದ್ರೂ ಗೊತ್ತಾಗಲ್ಲ. ಸೌದೆ ಬೇಕಾಗಿರಾದು ಬಾಣಂತಿಗೆ" ಎಂದಳು.

ಸೊಸೆಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಎಲ್ಲರ ಮನೆಯ ರೂಢಿ. ಆ ಹುಡುಗಿಗೆ ತವರೇ ಇರಲಿಲ್ಲ. ಅಪ್ಪ ಅವ್ವ ಚಿಕ್ಕಂದಿನಲ್ಲೇ ತೀರಿಕೊಂಡು, ಯಾರದೋ ಮನೆಯ ಮೂಲೆಯಲ್ಲಿ ಬೆಳೆದವಳು. ಧಾರೆ ಎರೆದುಕೊಟ್ಟ ಮೇಲೆ ಆ ಮನೆಯವರು ಇತ್ತ ತಲೆ ಹಾಕಿಯೂ ನೋಡಿರಲಿಲ್ಲ. ಗಂಡನಾದರೋ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೋದವನು, ಚಳಿಗಾಲ ಮುಗಿಯುವವರೆಗೆ ಬರುವ ಹಾಗಿಲ್ಲ. ಬಾಣಂತಿಗೆ ಎರಡು ಹೊತ್ತು ಹಂಡೆಗಟ್ಟಲೆ ಸುಡು ನೀರು ಎರೆಯಬೇಕು, ಮಂಚದ ಕೆಳಗೆ ಸದಾ ಕೆಂಡ ಇರಬೇಕು, ಎಳೆ ಕೂಸಿನ ಬಟ್ಟೆ ಬೆಚ್ಚಗಿರಬೇಕು. ಮನೆಯಲ್ಲಿದ್ದದ್ದು ಬೆರಣಿ ಮತ್ತು ತೊಗರಿ ಕಡ್ಡಿ. ಬೆರಣಿ ಹೊಗೆಯಾಡಿ ಕೂಸಿನ ಉಸಿರು ಕಟ್ಟಿಸುತ್ತದೆ, ತೊಗರಿ ಕಡ್ಡಿ ಭಗ್ ಎಂದು ಉರಿದು ಬೂದಿಯಾಗುತ್ತದೆ. ಜಾಲಿ ಕೊರಡೇ ಬೇಕು, ಅದೂ ರಾಶಿ ರಾಶಿ.

"ತವರಿಲ್ಲ ಅಂತ ಆ ಹುಡುಗಿ ಚಳ್ಯಾಗೆ ನಡುಗಬೇಕೇನಮ್ಮ? ನಾನಿದ್ದೂ?" ಎಂದು ಅಜ್ಜಿ ಕೇಳಿದಳು. ಕೇಳಿದವಳೇ ಥಟ್ಟನೆ ಎದ್ದು, "ಹಂಗಾದ್ರೆ ಹಿತ್ತಲಾಗೆ ನಂದೇ ಒಂದು ಬ್ಯಾರೆ ಒಲೆ ಹೂಡ್ತೀನಿ. ಬಂದು ನೋಡ್ರಿ" ಎಂದಳು.

"ತೋರಿಕೆಗೆ ಆಗಲ್ಲ ಅಜ್ಜಿ. ದಿನಾ ಅದರಲ್ಲೇ ಬೇಯಿಸಬೇಕು. ನಾನು ಸುಳ್ಳು ಹೇಳೋಳಲ್ಲ."

"ನಾನೇನು ಸುಳ್ಳಿ ಏನ್ರಿ? ಬೇಯಿಸ್ತೀನಿ!" ಎಂದು ನನಗೇ ಗದರಿಸಿ ಹೊರಟುಹೋದಳು.

ವಾರದ ಮೇಲೆ ಹೋಗಿ ನೋಡಿದೆ. ಹಿತ್ತಲಲ್ಲಿ ಸೋಗೆ ಮಾಡಿನ ಕೆಳಗೆ ಮೂರು ಕಲ್ಲು, ಮೇಲೆ ಮಡಕೆ, ಅಜ್ಜಿ ಊದುಗೊಳವೆ ಹಿಡಿದು ಕೂತಿದ್ದಾಳೆ. ಒಳಗೆ ಅಡಿಗೆಮನೆಯಲ್ಲಿ ಸೊಸೆ ತನ್ನ ಪಾಡಿಗೆ ಮುದ್ದೆ ತೊಳಸುತ್ತಿದ್ದಾಳೆ. ಭೇಷ್ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಮಡಕೆಯ ಅವರೆಕಾಳಿನ ಸಾರನ್ನು ಬಟ್ಟಲಿಗೆ ಬಗ್ಗಿಸಿ ಒಳಗೆ ತೆಗೆದುಕೊಂಡು ಹೋದಳು. ಸೊಸೆ ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು ಹೊರಗೆ ತಂದಳು. ಬಾಗಿಲ ಹತ್ತಿರ ಇಬ್ಬರೂ ಎದುರಾಗಿ, ಒಬ್ಬರ ಕೈಯಲ್ಲಿದ್ದುದನ್ನು ಇನ್ನೊಬ್ಬರು ಇಸಿದುಕೊಂಡರು. ಅಜ್ಜಿಯ ಒಲೆಯದು ಸೊಸೆಯ ಹೊಟ್ಟೆಗೆ, ಸೊಸೆಯ ಒಲೆಯದು ಅಜ್ಜಿಯ ಹೊಟ್ಟೆಗೆ!

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ ನಿಮ್ಮ! ಇದಕ್ಕೆ ಎರಡು ಒಲೆ ಯಾಕ್ರಿ?"

ಹುಡುಗಿ ತುಂಬಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತೆ ಮಾಡಿದ ಸಾರಿಲ್ದೆ ನಂಗೆ ಮುದ್ದೆ ಗಂಟಲಾಗೆ ಇಳಿಯಲ್ಲ ಅಮ್ಮಾರೆ. ಮುದ್ದೆ ತೊಳಸಿದ್ರೆ ಅತ್ತೆಗೆ ಕೈ ನೋಯ್ತೈತೆ. ಏನ್ ಮಾಡಾದು?"

"ಶೇಕದಾರರು ಬರೋ ದಿನವಾದ್ರೂ ನಿಮ್ಮ ಒಲೇದು ನೀವೇ ಉಣ್ಣಿ, ಪುಣ್ಯ ಬರುತ್ತೆ" ಎಂದು ಕೈ ಮುಗಿದೆ. ಆಗಲಿ ಎಂದರು. ಹೋಗುವಾಗ ನನಗೂ ಎರಡೂ ಒಲೆಯದನ್ನು ಬಡಿಸಿದರು. ಆ ಅವರೆಕಾಳಿನ ಸಾರಿನ ರುಚಿ ಈಗ ನೆನೆದರೂ ಬಾಯಲ್ಲಿ ನೀರೂರುತ್ತದೆ.

ನಮಗೆ ಇದೆಲ್ಲ ತಮಾಷೆಯಾಗಿತ್ತು, ಊರಿಗೆ ಆಗಿರಲಿಲ್ಲ. ಆ ಕಡೆ ಒಂದು ಮನೆಯಲ್ಲಿ ಎರಡನೆಯ ಒಲೆ ಹೊತ್ತಿತೆಂದರೆ ಮನೆ ಒಡೆಯಿತು ಎಂದೇ ಅರ್ಥ. ಹೊಲ ಪಾಲಾಗುವುದು, ಕುರಿ ಪಾಲಾಗುವುದು ಎಲ್ಲ ಆಮೇಲೆ. ಮೊದಲು ಒಲೆ ಬೇರೆಯಾಗಬೇಕು. ಒಂದೇ ಮನೆಯಿಂದ ಎರಡು ಹೊಗೆ ಏಳುವುದನ್ನು ಬೀದಿಯವರೆಲ್ಲ ನೋಡಿದರು. ಬಾವಿಕಟ್ಟೆಯಲ್ಲಿ ಗುಸುಗುಸು ಶುರುವಾಯಿತು. "ಬಸುರಿ ಹೆಣ್ಣಿನ ಕೈ ಬಿಟ್ಟು ಬ್ಯಾರೆ ಒಲೆ ಹೂಡೈತಲ್ಲ ಮುದುಕಿ, ಎಂಥ ಕಲ್ಲು ಮನಸ್ಸು!" ಸೌದೆಗಾಗಿ ಎಂದು ಅಜ್ಜಿ ಹೇಳಿಯೇ ಹೇಳಿದಳು. ಯಾರೂ ನಂಬಲಿಲ್ಲ. ಸೌದೆಗಾಗಿ ಯಾರಾದರೂ ಮನೆ ಒಡೆದುಕೊಳ್ಳುತ್ತಾರೆಯೇ? ಅಜ್ಜಿಗೆ ಇದು ನೋವಾಗಿತ್ತು. ನೀರಿಗೆ ಹೋದಾಗ ತಲೆ ತಗ್ಗಿಸಿ ಬರುತ್ತಿದ್ದಳು. ಆದರೆ ಒಲೆ ಆರಿಸಲಿಲ್ಲ.

ಈ ಸುದ್ದಿ ಬಸ್ಸು ಹತ್ತಿ ಹಿರಿಯೂರು ಕಡೆಯ ಆದಿವಾಲಕ್ಕೂ ಹೋಯಿತು. ಅಲ್ಲಿ ಅಜ್ಜಿಯ ತಮ್ಮನಿದ್ದ. ಮೀಸೆಯ ಆಸಾಮಿ, ಗಂಟಲು ಭಾರಿ ದೊಡ್ಡದು, ನಾಲ್ಕೂರಿನ ಜಗಳ ಬಿಡಿಸುವವನೆಂದು ತನ್ನ ಮೇಲೆ ತನಗೇ ಬಹಳ ಅಭಿಮಾನ. ಅಕ್ಕನ ಮನೆ ಒಡೆದಿದೆ ಎಂದು ಕೇಳಿದ ಮೇಲೆ ಅವನು ಸುಮ್ಮನಿರುತ್ತಾನೆಯೇ? ಇಬ್ಬರು ಹಿರಿಯರನ್ನು ಜತೆಗೆ ಕಟ್ಟಿಕೊಂಡು ಬಂದೇಬಿಟ್ಟ. ಬಂದದ್ದಾದರೂ ಯಾವತ್ತು? ನಾನು ಶೇಕದಾರರನ್ನು ಕರೆದುಕೊಂಡು ಆ ಊರಿಗೆ ಹೋದ ದಿನವೇ!

ಕುರಿ ಸಾಕುವವರ ಕಡೆ ಒಡೆದ ಮನೆ ಕೂಡಿಸಲು ಒಂದು ಪದ್ಧತಿ ಇದೆ. ಹಿರಿಯರು ಕಂಬಳಿ ಹಾಸಿ ಅದರ ಮೇಲೆ ಕೂರುತ್ತಾರೆ. ಕಂಬಳಿಯ ಮೇಲೆ ಕೂತು ಆಡಿದ ಮಾತು ದೇವರ ಮುಂದೆ ಆಡಿದ ಹಾಗೆ, ಯಾರೂ ಮೀರುವಂತಿಲ್ಲ. ಬುದ್ಧಿ ಹೇಳಿ, ಬೈದು, ಕೊನೆಗೆ ಹೊಸ ಒಲೆಯ ಕಲ್ಲನ್ನು ಕಿತ್ತು ಬೇಲಿಯಾಚೆ ಎಸೆದರೆ ಮನೆ ಒಂದಾಯಿತು. ಅಜ್ಜಿಯ ತಮ್ಮ ಇದೆಲ್ಲವನ್ನೂ ಬಸ್ಸಿಳಿದ ಅರ್ಧ ಗಂಟೆಯೊಳಗೆ ಮುಗಿಸಿದ್ದ. ಅಜ್ಜಿಗೆ ಬಾಯಿ ತೆರೆಯಲೂ ಬಿಟ್ಟಿರಲಿಲ್ಲ. ನಾವು ಹಿತ್ತಲಿಗೆ ಕಾಲಿಟ್ಟಾಗ ಅವನು ಮೂರನೆಯ ಕಲ್ಲನ್ನು ಬೇಲಿಯಾಚೆ ಎಸೆದು ಕೈ ಕೊಡವಿಕೊಳ್ಳುತ್ತಿದ್ದ.

ಶೇಕದಾರರು ಬಡಕಲು ಮನುಷ್ಯ, ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಕೆಟ್ಟವರಲ್ಲ, ಆದರೆ ಆದೇಶ ಎಂದರೆ ಆದೇಶ ಅನ್ನುವ ಪೈಕಿ. "ಒಲೆ ಎಲ್ಲಮ್ಮ?" ಎಂದು ನನ್ನನ್ನು ಕೇಳಿದರು. ಬಿಸಿ ಬೂದಿಯ ಗುಡ್ಡೆ ಬಿಟ್ಟು ಅಲ್ಲಿ ಏನೂ ಇರಲಿಲ್ಲ.

"ಬರ್ರಿ ಸ್ವಾಮಿ, ಕುಂತ್ಕಳ್ರಿ!" ಎಂದು ಅಜ್ಜಿಯ ತಮ್ಮ ಅರಳಿದ ಮುಖದಿಂದ ಕರೆದ. "ಒಳ್ಳೇ ಗಳಿಗೇಲಿ ಬಂದ್ರಿ. ಎರಡಾಗಿದ್ದ ಮನೇನ ಒಂದು ಮಾಡೀವಿ."

"ಅಂದ್ರೆ ಈಗ ಒಂದೇ ಒಲೆ?"

"ಒಂದೇ ಸ್ವಾಮಿ! ಕಂಬಳಿ ಮ್ಯಾಲೆ ಕುಂತು ಹೇಳ್ತಿದೀನಿ. ಇನ್ನು ಸಾಯೋ ತನಕ ಒಂದೇ!"

ಆ ಎಸೆದ ಕಲ್ಲನ್ನು ಹುಡುಕಿ ತಂದು ಅವನ ತಲೆಯ ಮೇಲೇ ಹಾಕೋಣ ಅನ್ನಿಸಿತು ನನಗೆ. ಅಜ್ಜಿ ಬೂದಿಯ ಪಕ್ಕ ಕುಸಿದು ಕೂತಳು. "ಲೇ, ನನ್ನ ಸೊಸೆ ಹೊಟ್ಟೆ ಮ್ಯಾಲೆ ಹೊಡೆದ್ಯಲ್ಲೋ!" ಎಂದಳು. ತಮ್ಮನಿಗೆ ಏನೂ ಅರ್ಥವಾಗಲಿಲ್ಲ. ಸೌದೆಯ ವಿಷಯ ನಾನು ಬಿಡಿಸಿ ಹೇಳಿದೆ, ಹೇಳಿದೆನೇನು, ಕೂಗಾಡಿದೆ. ಕೇಳುತ್ತಾ ಕೇಳುತ್ತಾ ಅವನ ಮೀಸೆ ಜೋತುಬಿತ್ತು. "ಹಂಗಂತ ಮೊದ್ಲೇ ಹೇಳಬಾರ್ದಾ ಅಕ್ಕ?" ಎಂದ. "ಹೇಳಾಕೆ ಬಿಟ್ಟೇನೋ ನೀನು?" ಎಂದು ಅಜ್ಜಿ ಅತ್ತಳು. ಕಲ್ಲು ಮತ್ತೆ ತಂದು ಇಡೋಣವೆಂದರೆ ಅದೂ ಸಾಧ್ಯವಿಲ್ಲ. ಕಂಬಳಿಯ ಮೇಲಿನ ಮಾತು ಆಗಿಹೋಗಿತ್ತು.

ಶೇಕದಾರರು ಪೆನ್ನಿನ ಮುಚ್ಚಳ ಹಾಕಿದರು. "ನನಗೂ ಬೇಜಾರೇ ಅಮ್ಮ. ಆದ್ರೆ ಅಜ್ಜಿ ಉಣ್ಣೋದು ಸೊಸೆ ಒಲೇಲಿ ಅಂತ ಆಯ್ತಲ್ಲ. ಬರೋ ಹಾಗಿಲ್ಲ. ನಡೀರಿ, ಮುಂದಿನ ಮನೆಗೆ ಹೋಗಾಣ."

"ತಡೀರಿ ಸಾಹೇಬ್ರೆ."

ಅಡಿಗೆಮನೆಯ ಬಾಗಿಲಲ್ಲಿ ಆ ಹುಡುಗಿ ಚೌಕಟ್ಟು ಹಿಡಿದು ನಿಂತಿದ್ದಳು. ಹಿರಿಯರು ಕಂಬಳಿಯ ಮೇಲೆ ಕೂತಿರುವಾಗ ಆ ಮನೆಗಳಲ್ಲಿ ಸೊಸೆಯಂದಿರು ಬಾಯಿ ಬಿಡುವುದಿಲ್ಲ. ಇವಳು ಬಿಟ್ಟಳು.

"ಒಲೆ ನಂದು ಅಂತ ನಿಮಗ್ಯಾರು ಹೇಳಿದ್ದು?"

"ಅಡಿಗೆ ಮಾಡೋಳು ನೀನೇ ತಾನೆ?" ಎಂದರು ಶೇಕದಾರರು.

"ಹೂಂ, ನಾನೇ. ತವರಿಗೆ ಬಂದ ಮಗಳು ಅವ್ವಂಗೆ ಎರಡು ಮುದ್ದೆ ತೊಳಸಿಕೊಡಲ್ವೇನ್ರಿ? ಅಷ್ಟಕ್ಕೇ ಒಲೆ ಅವಳದಾಗ್ತೈತಾ?"

ಅಜ್ಜಿಯ ತಮ್ಮ ಹುಬ್ಬು ಗಂಟಿಕ್ಕಿದ. "ಏನವ್ವ ಇದು? ನೀನು ಈ ಮನೆ ಸೊಸೆ. ತವರು ಅಂತೀಯಲ್ಲ?"

"ಸೊಸೆ ಆಗಿದ್ರೆ ಚೊಚ್ಚಲಿಗೆ ನನ್ನ ತವರಿಗೆ ಕಳಿಸಬೇಕಿತ್ತಲ್ಲ ಮಾವ. ಕಳಿಸ್ರಿ ನೋಡಾಣ, ಎಲ್ಲೈತೆ?" ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. "ಇವ್ರೇ ಹೆರಿಗೆ ಮಾಡಿಸ್ತಾರೆ, ಇವ್ರೇ ನೀರು ಹಾಕ್ತಾರೆ. ಹಂಗಾದ್ರೆ ಬಾಣಂತನ ಮುಗಿಯಾ ತನಕ ಇದೇ ನನ್ನ ತವರು, ಇವ್ರೇ ನಮ್ಮವ್ವ. ಮನೆ ಅವ್ವಂದು, ಒಲೆ ಅವ್ವಂದು. ನಾನು ಅವ್ವನ ಒಲೇಲಿ ಉಣ್ಣಾಕೆ ಬಂದಿರೋಳು. ಬರ್ಕಳ್ರಿ ಸಾಹೇಬ್ರೆ."

ಸೊಸೆ ಮನೆಗೆ ಬಂದ ಮೇಲೆ ಅತ್ತೆ ಒಲೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುವುದು ಅಲ್ಲಿಯ ರೀತಿ. ಒಲೆ ಕೈಗೆ ಬಂದರೆ ಮನೆಯೇ ಕೈಗೆ ಬಂದಂತೆ. ಯಾರದೋ ಮೂಲೆಯಲ್ಲಿ ಬೆಳೆದ ಆ ಹುಡುಗಿಗೆ ತನ್ನದು ಎಂದು ಮೊದಲ ಸಲ ಸಿಕ್ಕಿದ್ದು ಆ ಒಲೆ ಒಂದೇ. ಅದನ್ನು ಅವಳು ಹಿರಿಯರ ಕಂಬಳಿಯ ಮುಂದೆ ತನ್ನದಲ್ಲ ಎಂದುಬಿಟ್ಟಳು.

ಅಜ್ಜಿಯನ್ನು ನೋಡಿದೆ. ಸಾಕಿದ ಮಗ ಅವಳನ್ನು ದೊಡ್ಡವ್ವ ಅನ್ನುತ್ತಿದ್ದ, ಊರಿನವರು ಅಜ್ಜಿ ಅನ್ನುತ್ತಿದ್ದರು, ಈ ಹುಡುಗಿ ಅತ್ತೆ ಅನ್ನುತ್ತಿದ್ದಳು. ಅವ್ವ ಎಂದು ಅವಳನ್ನು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ಬೂದಿಗೈಯಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ, ಅತ್ತೇಬಿಟ್ಟೆ. ಮೆಣಸಿನಕಾಯಿ ಅಳುವುದನ್ನು ನೋಡಲು ಬೇಲಿಯ ಮೇಲೆ ಅರ್ಧ ಊರೇ ಬಗ್ಗಿತ್ತು.

ಶೇಕದಾರರು ಮಫ್ಲರ್ ಸಡಿಲಿಸಿಕೊಂಡು ಅಜ್ಜಿಯ ಕಡೆ ತಿರುಗಿದರು. "ಒಲೆ ಯಾರದಜ್ಜಿ?"

"ನಂದು" ಎಂದಳು ಅಜ್ಜಿ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ನಂದೇ ಸ್ವಾಮಿ. ನಾನೇ ಮಣ್ಣು ಕಲಸಿ ಹಾಕಿದ್ದು. ನನ್ನ ಮಗಳು ಬಾಣಂತನಕ್ಕೆ ಬಂದವಳೆ."

ಅವರು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು. ಆಮೇಲೆ, ಸಾರು ಎಂಥದ್ದು ಮಾಡಿದೀರಿ, ಆಗಿನಿಂದ ಘಮಘಮ ಅಂತಿದೆ ಎಂದು ಕೇಳಿದರು.

ಸೌದೆ ಬಂತು. ಹೊಸದುರ್ಗದ ಡಿಪೋದಿಂದ ಒಂದು ಗಾಡಿ ತುಂಬ ಒಣಗಿದ ಜಾಲಿ ಕೊರಡು. ಇಳಿಸಿ ಒಟ್ಟಿದವನು ಆದಿವಾಲದ ತಮ್ಮನೇ. ಪ್ರಾಯಶ್ಚಿತ್ತಕ್ಕೆಂದು ಊರಿಗೆ ಹೋಗದೆ ಉಳಿದು, ಇಡೀ ಗಾಡಿಯನ್ನು ಒಬ್ಬನೇ ಇಳಿಸಿದ. ಅಜ್ಜಿ ಎದುರು ನಿಂತು ಒಂದೊಂದು ಕೊರಡಿಗೂ ಒಂದೊಂದು ಬೈಗುಳ ಕೊಟ್ಟಳು. ಅದಾದ ಕೆಲವೇ ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ನಾನು ನೋಡಲು ಹೋದರೆ ಆ ಕೋಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. "ಅಜ್ಜಿ, ಕೂಸನ್ನು ಬೇಯಿಸಿಬಿಡ್ತೀರಾ?" ಎಂದೆ. "ಸುಮ್ನಿರ್ರಿ, ನಿಮಗೇನು ಗೊತ್ತು ಬಾಣಂತನ?" ಎಂದು ನನ್ನನ್ನೇ ಆಚೆಗೆ ಕಳಿಸಿದಳು.

ಚಳಿ ಮುಗಿದ ಮೇಲೆ ಸಾಕಿದ ಮಗ ಕುರಿ ಹೊಡೆದುಕೊಂಡು ವಾಪಸಾದ. ಒಳಗೆ ನುಗ್ಗಲು ಹೊರಟವನನ್ನು ಅಜ್ಜಿ ಹೊಸಿಲಲ್ಲೇ ತಡೆದು, ಕಾಲಿಗೆ ಚೊಂಬಿನಲ್ಲಿ ನೀರು ಕೊಟ್ಟು, "ಬರ್ರಿ ಅಳಿಯಂದಿರೇ, ಕುಂತ್ಕಳ್ರಿ" ಎಂದಳಂತೆ. ದೊಡ್ಡವ್ವನಿಗೆ ಬುದ್ಧಿಭ್ರಮಣೆ ಆಗಿದೆ ಎಂದೇ ಅವನು ಹೆದರಿದ್ದನಂತೆ. ವಿಷಯ ತಿಳಿದ ಮೇಲೂ ಬಿಡುಗಡೆಯಿಲ್ಲ. ತವರಲ್ಲಿರುವ ಹೆಂಡತಿಯನ್ನು ಮನಬಂದಾಗ ಕರೆದುಕೊಂಡು ಹೋಗಲು ಆಗುತ್ತದೆಯೇ? ಬಾಣಂತನದ ತಿಂಗಳು ತುಂಬುವವರೆಗೆ ಅವನು ಹೊರಗಿನ ಹಟ್ಟಿಯಲ್ಲಿ ಕುರಿಗಳ ಜತೆ ಮಲಗಿದ. ನನ್ನ ಕಂಡಾಗಲೆಲ್ಲ, "ಇದೆಲ್ಲ ನಿಮ್ಮ ಸರ್ಕಾರದ ಕೆಲಸ ಅಮ್ಮಾರೆ" ಎಂದು ಗೊಣಗುತ್ತಿದ್ದ.

ಬಾಣಂತನ ಮುಗಿದ ದಿನ ಅಜ್ಜಿ ನನಗೂ ಹೇಳಿಕಳಿಸಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವ ಶಾಸ್ತ್ರ ಒಂದೂ ಬಿಡಲಿಲ್ಲ. ಹಸೆ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಕಣ ಹಾಕಿ ಮಡಿಲು ತುಂಬಿದಳು, ಕೂಸಿನ ಕೆನ್ನೆಗೆ ಕಪ್ಪಿಟ್ಟಳು. ಹುಡುಗಿ ಕಾಲಿಗೆ ಬಿದ್ದು, ಗಂಡನ ಹಿಂದೆ ಮುಂಬಾಗಿಲಿನಿಂದ ಹೊರಟಳು. ಎಲ್ಲಿಗೆ ಹೋಗುತ್ತಾಳೆ? ಬೀದಿ ಕೊನೆಯವರೆಗೆ ಹೋಗಿ ತಿರುಗಿ ಬರಬೇಕು ಅಷ್ಟೆ, ನಾವೆಲ್ಲ ನಗುತ್ತಿದ್ದೆವು. ಅಜ್ಜಿ ಮಾತ್ರ ಬಾಗಿಲು ಹಾಕಿಕೊಂಡು ಕಂಬಕ್ಕೆ ಒರಗಿ ನಿಜವಾಗಿಯೂ ಅಳುತ್ತಿದ್ದಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಮ್ಮ ನಗು ತಾನಾಗಿ ನಿಂತಿತು.

ಹೊರಗೆ ಬಾಗಿಲು ತಟ್ಟಿದ ಸದ್ದು. "ಅತ್ತೇ, ನಾನು. ಬಾಗಿಲು ತೆಗೀರಿ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಬಾಗಿಲು ತೆರೆದಳು.

"ಬಾರವ್ವ ಸೊಸೆ, ಒಳಗೆ ಬಾ" ಎಂದಳು. "ನನ್ನ ಮಗಳು ಈಗ್ತಾನೆ ಗಂಡನ ಮನೆಗೆ ಹೋದ್ಲು. ಮನೆಯೆಲ್ಲ ಬಿಕೋ ಅಂತೈತೆ ನೋಡು."